ಹಲ್ಲು ಕಚ್ಚಿ ಹಚ್ಚಿದ ಲೇಪ

ಆ ಹಲ್ಲಿನ ಆಸ್ಪತ್ರೆಯಲ್ಲಿ ಇಬ್ಬರು ಡಾಕ್ಟರಿದ್ದರು. ಅಣ್ಣ ದೊಡ್ಡ ಡಾಕ್ಟರು, ತಂಗಿ ಚಿಕ್ಕ ಡಾಕ್ಟರು. ಹೆಸರಿಟ್ಟವರು ರೋಗಿಗಳು. ಅಣ್ಣನಿಗೆ ಅದು ಹಿಡಿಸಿತ್ತು, ತಂಗಿಗೆ ಬೇಸರವೇನೂ ಇರಲಿಲ್ಲ. ಅಣ್ಣನ ಕೈ ಚುರುಕು, ನಾಲಿಗೆ ಇನ್ನೂ ಚುರುಕು. ಕೆನ್ನೆ ಹಿಡಿದುಕೊಂಡು ನರಳುತ್ತ ಬಂದವರನ್ನೂ ನಗಿಸಿ ಕುರ್ಚಿಗೆ ಹತ್ತಿಸುತ್ತಿದ್ದ. ತಂಗಿ ಆಗಷ್ಟೇ ಓದು ಮುಗಿಸಿ ಬಂದವಳು. ಅಣ್ಣ ಹಲ್ಲು ಕೀಳುವುದನ್ನು ಪಕ್ಕದಲ್ಲಿ ನಿಂತು ನೋಡುವುದೆಂದರೆ ಅವಳಿಗೆ ಹೆಮ್ಮೆ.

ಒಂದು ಮಧ್ಯಾಹ್ನ ಲಾರಿ ಡ್ರೈವರನೊಬ್ಬ ಮಗಳನ್ನು ಕರೆದುಕೊಂಡು ಬಂದ. ಹುಡುಗಿಗೆ ಹದಿಮೂರೋ ಹದಿನಾಲ್ಕೋ. ಕೆಳದವಡೆಯ ಒಂದು ಹಲ್ಲು ಪೂರ್ತಿ ಹುಳುಕು ಹಿಡಿದು, ಬುಡದಲ್ಲಿ ಕೀವಾಗಿತ್ತು. ಕೀಳದೆ ಗತಿಯಿರಲಿಲ್ಲ. ಅಪ್ಪನನ್ನು ಹೊರಗೆ ಕೂರಿಸಿ ಅಣ್ಣ ಹುಡುಗಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟ. ಅಷ್ಟರಲ್ಲಿ ಫೋನ್ ಬಂತು. ಅವನು ಕೊಳ್ಳಬೇಕೆಂದಿದ್ದ ಕಾರಿನ ಸುದ್ದಿ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಬಣ್ಣ ಬಿಳಿಯೇ ಇರಲಿ ಎನ್ನುತ್ತ, ಇಕ್ಕಳ ಹಾಕಿ ಎಳೆದ. ಇಕ್ಕಳದ ತುದಿಯಲ್ಲಿ ಬಂದದ್ದು ಪಕ್ಕದ ಹಲ್ಲು. ಮೊನ್ನೆ ಮೊನ್ನೆ ಹುಟ್ಟಿದ, ಒಂದು ಕಲೆಯಿಲ್ಲದ ಹಲ್ಲು.

ತಂಗಿ ಹಿಂದಿನ ಕೋಣೆಯಲ್ಲಿ ಸಲಕರಣೆಗಳನ್ನು ಕುದಿಸಲು ಇಡುತ್ತಿದ್ದಳು. ಅಣ್ಣ ಕರೆದು ಇಕ್ಕಳವನ್ನು ಹಲ್ಲಿನ ಸಮೇತ ಅವಳ ಕೈಗೆ ಕೊಟ್ಟ. "ಹೊರಗಿನ ಸಿಂಕಲ್ಲಿ ತೊಳ್ಕೊಂಡು ಬಾ" ಎಂದ. ಅವಳು ಅದನ್ನು ಹಿಡಿದುಕೊಂಡು ಹೊರಗೆ ಬಂದಳು. ಲಾರಿ ಡ್ರೈವರ ಎದ್ದು ನಿಂತ. ಅವನು ಓದಿದವನಲ್ಲದಿರಬಹುದು, ಒಳ್ಳೆಯ ಹಲ್ಲಿಗೂ ಕೆಟ್ಟ ಹಲ್ಲಿಗೂ ವ್ಯತ್ಯಾಸ ಗೊತ್ತಿಲ್ಲದವನೇನೂ ಅಲ್ಲ.

"ಇದ್ಯಾವ ಹಲ್ಲು?" ಎಂದ.

ಅಷ್ಟರಲ್ಲಿ ಅಣ್ಣ ಹಿಂದೆಯೇ ಬಂದಿದ್ದ. "ನಮ್ಮ ತಂಗಿ, ಇನ್ನೂ ಹೊಸಬಳು. ಕೈ ತಪ್ಪಿಬಿಟ್ಟಿದೆ. ನಾನು ಸರಿ ಮಾಡ್ತೀನಿ, ನೀವು ಕೂತ್ಕೊಳ್ಳಿ" ಎಂದ.

ತಂಗಿ ಅಣ್ಣನ ಕಡೆ ತಿರುಗುವ ಮೊದಲೇ ಅವಳ ಕೆನ್ನೆಗೆ ಲಾರಿ ಡ್ರೈವರನ ಏಟು ಬಿತ್ತು. ಕಾಯುತ್ತಿದ್ದವರೆಲ್ಲ ನೋಡುತ್ತಿದ್ದರು. ಬಾಗಿಲಲ್ಲಿ ಆ ಹುಡುಗಿ ಬಾಯಿ ತುಂಬ ಹತ್ತಿ ಕಚ್ಚಿಕೊಂಡು ನಿಂತಿದ್ದಳು. ಅಣ್ಣ ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಿದ್ದ.

ಮನೆಯಲ್ಲಿ ಅವಳು ಕೇಳಿದಳು. "ಯಾಕೆ ಹಾಗಂದೆ ಅಣ್ಣ?"

"ಮತ್ತೇನನ್ನಲಿ? ನಾನೇ ಕಿತ್ತೆ ಅಂದಿದ್ರೆ ನಾಳೆಯಿಂದ ಬಾಗಿಲಿಗೆ ಬೀಗ. ನೀನು ಹೊಸಬಳು, ಹೊಸಬರ ತಪ್ಪನ್ನ ಜನ ಮರೀತಾರೆ."

"ಹೊಡೆದಿದ್ದು ನನಗೆ."

"ಒಂದೇಟು ತಾನೆ. ಮನೆಗೋಸ್ಕರ ಅಷ್ಟು ತಡ್ಕೊಳ್ಳೋಕಾಗಲ್ವಾ?"

ಅಮ್ಮ ಒಲೆಯ ಕಡೆಯಿಂದ ತಿರುಗಲೇ ಇಲ್ಲ. "ಮನೆ ಮಾತು ಬೀದಿಗೆ ಬೇಡ ಕಣೆ. ಅವನದು ಈಗಷ್ಟೇ ಸಂಸಾರ ಆಗಿದೆ" ಎಂದಳು. ಹೊಸ ಅತ್ತಿಗೆ ತಲೆ ತಗ್ಗಿಸಿ ತಟ್ಟೆಗಳನ್ನು ಜೋಡಿಸುತ್ತಿದ್ದಳು.

ಜನ ಮರೆಯಲಿಲ್ಲ. ರೋಗಿಗಳು ಬಂದು, "ದೊಡ್ಡ ಡಾಕ್ಟರೇ ನೋಡಲಿ, ಚಿಕ್ಕೋರ ಕೈ ಸರಿಯಿಲ್ಲವಂತೆ" ಎನ್ನುತ್ತಿದ್ದರು. ಅವಳ ಎದುರಿಗೇ ಎನ್ನುತ್ತಿದ್ದರು. ಅಣ್ಣ ಆಗ ದೊಡ್ಡ ಮನಸ್ಸಿನವನ ಹಾಗೆ ನಕ್ಕು, "ಕಲೀತಾಳೆ ಬಿಡಿ" ಎನ್ನುತ್ತಿದ್ದ. ಹೊಡೆತಕ್ಕಿಂತ ಆ ನಗು ಅವಳನ್ನು ಸುಟ್ಟಿತು. ಸ್ವಲ್ಪ ದಿನಕ್ಕೆ ಅವಳು ಆ ಆಸ್ಪತ್ರೆ ಬಿಟ್ಟಳು, ಆ ಮನೆಯನ್ನೂ ಬಿಟ್ಟಳು. ಶಾಲೆ ಮಕ್ಕಳ ಹಲ್ಲು ನೋಡುವ ಸರ್ಕಾರಿ ಕೆಲಸವೊಂದು ಖಾಲಿಯಿತ್ತು. ಯಾರೂ ಬಯಸದ ಕೆಲಸ. ಒಂದು ಮಡಿಸುವ ಕುರ್ಚಿ, ಒಂದು ದೀಪ, ಒಂದು ಭಾರದ ಚೀಲ. ಇವತ್ತು ಈ ಶಾಲೆ, ನಾಳೆ ಆ ಶಾಲೆ. ಎಲ್ಲ ಕಡೆಯೂ ಮುರಿದ ಬೆಂಚುಗಳನ್ನು ಪೇರಿಸಿಟ್ಟ ಕೋಣೆಯೇ ಅವಳ ಪಾಲಿಗೆ.

ಮೊದಲು ಅವಳಿಗೆ ಯಾವ ಉಪಾಯವೂ ಇರಲಿಲ್ಲ, ಇದ್ದದ್ದು ಹೊಟ್ಟೆಯೊಳಗಿನ ಕೆಂಡ ಮಾತ್ರ. ಒಂದು ದಿನ ಏಳು ವರ್ಷದ ಮಗುವೊಂದರ ಬಾಯಿ ನೋಡುತ್ತಿದ್ದಳು. ಆರನೇ ವರ್ಷಕ್ಕೆ ಹಾಲುಹಲ್ಲುಗಳ ಸಾಲಿನ ಹಿಂದೆ ಸದ್ದಿಲ್ಲದೆ ಒಂದು ದವಡೆ ಹಲ್ಲು ಹುಟ್ಟುತ್ತದೆ. ಅದಕ್ಕೆ ಜಾಗ ಬಿಡಲು ಯಾವ ಹಲ್ಲೂ ಬೀಳುವುದಿಲ್ಲ, ಹಾಗಾಗಿ ಹೆತ್ತವರಿಗೆ ಅದು ಬಂದದ್ದೇ ತಿಳಿಯುವುದಿಲ್ಲ. ಅದೂ ಹಾಲುಹಲ್ಲೇ, ಹೋದರೆ ಇನ್ನೊಂದು ಬರುತ್ತದೆ ಎಂದುಕೊಳ್ಳುತ್ತಾರೆ. ಬರುವುದಿಲ್ಲ, ಅದು ಕೊನೆಯವರೆಗೂ ಇರಬೇಕಾದ ಹಲ್ಲು. ಅದರ ನೆತ್ತಿಯ ಮೇಲೆ ಬ್ರಷ್ಷಿನ ಎಳೆಯೂ ಇಳಿಯದಷ್ಟು ಸಣ್ಣ ಗೀರುಗಳು. ಊಟದ ಚೂರು ಅಲ್ಲಿ ಕೂರುತ್ತದೆ, ಎಷ್ಟು ಉಜ್ಜಿದರೂ ಏಳುವುದಿಲ್ಲ. ಆ ಮಗುವಿನ ಗೀರು ಆಗಲೇ ಕಂದಾಗಿತ್ತು.

'ಇದು ಇನ್ನೆರಡು ವರ್ಷಕ್ಕೆ ಅಣ್ಣನ ಕುರ್ಚಿಗೆ ಹೋಗುತ್ತೆ' ಎಂದುಕೊಂಡಳು. ಅಲ್ಲಿಗೇ ನಿಂತಳು. ಅಣ್ಣನ ಹತ್ತಿರ ಬರುವವರಲ್ಲಿ ಹೆಚ್ಚಿನವರ ಕಥೆ ಶುರುವಾಗಿದ್ದು ಇಂಥ ಗೀರಿನಲ್ಲೇ. ಮೊದಲು ಚುಕ್ಕೆ, ಆಮೇಲೆ ಗುಂಡಿ, ಆಮೇಲೆ ಡ್ರಿಲ್ಲು, ರೂಟ್ ಕೆನಾಲ್, ಕೊನೆಗೆ ಇಕ್ಕಳ. ಅಣ್ಣನ ಅನ್ನ ಬೇಯುವುದೇ ಈ ಗೀರುಗಳಲ್ಲಿ. ಇವನ್ನೇ ಮುಚ್ಚಿಬಿಟ್ಟರೆ?

ಮುಚ್ಚುವ ವಿದ್ಯೆ ಅವಳಿಗೆ ಗೊತ್ತಿತ್ತು. ಹಲ್ಲನ್ನು ಉಜ್ಜಿ, ಆಮ್ಲದ ಲೇಪದಿಂದ ಮೇಲ್ಮೈಯನ್ನು ಸ್ವಲ್ಪ ತರಿತರಿಯಾಗಿಸಿ, ತೊಳೆದು, ಒಣಗಿಸಿ, ಗೀರಿನೊಳಗೆ ತೆಳ್ಳನೆಯ ಲೇಪ ಹರಿಸಿ, ನೀಲಿ ಬೆಳಕು ಬಿಟ್ಟರೆ ಅದು ಗಟ್ಟಿಯಾಗಿ ಕೂರುತ್ತದೆ. ನೋವಿಲ್ಲ, ರಕ್ತವಿಲ್ಲ. ಡಾಕ್ಟರುಗಳು ಸೀಲೆಂಟ್ ಎನ್ನುತ್ತಾರೆ, ಮಕ್ಕಳು 'ಹಲ್ಲಿನ ಕೋಟು' ಎಂದರು. ಅವಳು ಮೇಲಿನ ಕಚೇರಿಯಲ್ಲಿ ಹಟ ಹಿಡಿದು ಲೇಪವನ್ನೂ ಬೆಳಕಿನ ಯಂತ್ರವನ್ನೂ ತರಿಸಿದಳು. ಕಚೇರಿಯವರಿಗೆ ಅದು ಸೇವಾಮನೋಭಾವವೆಂದು ಕಂಡಿತು. ಅವಳು ತಿದ್ದಲು ಹೋಗಲಿಲ್ಲ.

ಶುರುವಿನಲ್ಲಿ ಮುಖಭಂಗವಾಯಿತು. ಒಬ್ಬಳೇ ಕೆಲಸ ಮಾಡುತ್ತಿದ್ದಳು. ಒಂದು ಕೈಯಲ್ಲಿ ಲೇಪ, ಇನ್ನೊಂದರಲ್ಲಿ ಕನ್ನಡಿ, ಮಗುವಿನ ನಾಲಿಗೆಗಂತೂ ಹಾವಿನ ಹಾಗೆ ಎಲ್ಲ ಕಡೆಯೂ ಕೆಲಸ. ಒಣಗಿಸಿದ ಹಲ್ಲಿಗೆ ಒಂದೇ ಹನಿ ಜೊಲ್ಲು ತಾಗಿದರೂ ಲೇಪ ಹಿಡಿಯುವುದಿಲ್ಲ. ಮುಂದಿನ ಸಲ ಅದೇ ಶಾಲೆಗೆ ಹೋಗಿ ನೋಡಿದರೆ ಅರ್ಧಕ್ಕರ್ಧ ಎದ್ದುಹೋಗಿದ್ದವು. ಸುದ್ದಿ ಅಣ್ಣನಿಗೂ ತಲುಪಿತು. ಅಮ್ಮನನ್ನು ನೋಡಲು ಅವಳು ಹೋಗಿದ್ದಾಗ, ನೆಂಟರ ಎದುರು ಊಟಕ್ಕೆ ಕೂತು ಅವನು, "ನಮ್ಮ ಚಿಕ್ಕ ಡಾಕ್ಟರು ಈಗ ಮಕ್ಕಳ ಹಲ್ಲಿಗೆ ಸ್ಟಿಕ್ಕರ್ ಅಂಟಿಸ್ತಾರೆ. ಸಂಜೆ ಹೊತ್ತಿಗೆ ಉದುರುತ್ತೆ" ಎಂದ. ಎಲ್ಲರೂ ನಕ್ಕರು. ಅವಳು ಹಲ್ಲು ಕಚ್ಚಿಕೊಂಡು ಊಟ ಮುಗಿಸಿದಳು.

ಮರುದಿನ ಅವಳು ಮಾಡಿದ ಮೊದಲ ಕೆಲಸ, ದೊಡ್ಡ ಶಾಲೆಯ ಆಯಾಳನ್ನು ತನ್ನ ಜೊತೆಗೆ ಕೇಳಿ ಪಡೆದದ್ದು. ಆಯಾ ಭಾರಿ ಹೆಂಗಸು. ಗದರಿದರೆ ಮಕ್ಕಳ ಜೊತೆ ಹೆಡ್‌ಮೇಷ್ಟರೂ ಸುಮ್ಮನಾಗುತ್ತಿದ್ದರು. ಜೊಲ್ಲು ಎಳೆಯುವ ಪೈಪು ಅವಳ ಕೈಗೆ ಬಂತು. "ನಾಲಿಗೆ ಆಡಿಸಿದ್ರೆ ಈ ಪೈಪು ಎಳ್ಕೊಂಡುಬಿಡುತ್ತೆ ನೋಡು" ಎಂದು ಪ್ರತಿ ಮಗುವಿಗೂ ಸುಳ್ಳು ಹೇಳುತ್ತಿದ್ದಳು. ಕೆನ್ನೆಗೊಂದು ಹತ್ತಿಯ ಉಂಡೆ, ನಾಲಿಗೆಯ ಕೆಳಗೊಂದು, ಆಯಾಳ ಪೈಪು. ಹಲ್ಲು ಸುಣ್ಣದ ಹಾಗೆ ಬೆಳ್ಳಗೆ ಒಣಗುತ್ತಿತ್ತು. ಎದ್ದುಹೋದವನ್ನೆಲ್ಲ ಅವಳು ಮತ್ತೆ ಹಚ್ಚಿದಳು. ಆರು ತಿಂಗಳಿಗೊಮ್ಮೆ ಬಂದು ಹಲ್ಲು ಪರೀಕ್ಷಿಸುವ ಕೊಂಡಿಯ ತುದಿಯಿಂದ ಕೆದಕಿ ನೋಡಿದಳು, ಚೂರು ಹಾರಿದ್ದರೆ ತುಂಬಿದಳು. ಎಷ್ಟೋ ಡಾಕ್ಟರುಗಳು ಪ್ರೀತಿಯಿಂದಲೂ ಮಾಡದಷ್ಟು ಅಚ್ಚುಕಟ್ಟಾಗಿ ಅವಳು ಸಿಟ್ಟಿನಿಂದ ಮಾಡಿದಳು. ಯಾಕೆಂದರೆ ಸಡಿಲವಾದ ಒಂದೊಂದು ಲೇಪವೂ ಅಣ್ಣನಿಗೆ ಒಬ್ಬ ರೋಗಿ.

ಇಂಥ ಸೇಡು ಬೇಗ ಫಲ ಕೊಡುವುದಿಲ್ಲ. ಮಕ್ಕಳು ಬೆಳೆಯಬೇಕು. ಬೆಳೆದರು. ಆರಕ್ಕೆ ಕೋಟು ಹಾಕಿಸಿಕೊಂಡವರು ಹನ್ನೆರಡಕ್ಕೆ ಬಂದು ಹಿಂದಿನ ಹೊಸ ಹಲ್ಲಿಗೂ ಹಾಕಿಸಿಕೊಂಡರು. ಅವಳು ಬಾಯಿ ತೆಗೆಸಿ ನೋಡಿದರೆ ದವಡೆ ಹಲ್ಲುಗಳು ಗಟ್ಟಿಯಾಗಿ ಬೆಳ್ಳಗೆ ಕೂತಿರುತ್ತಿದ್ದವು. ಆಗೆಲ್ಲ ಅವಳಿಗೆ ಒಳಗೊಳಗೇ ಒಂದು ತಂಪು. ಅಮ್ಮ ಫೋನಿನಲ್ಲಿ, "ಯಾಕೋ ಅಣ್ಣನಿಗೆ ಮೊದಲಿನ ಹಾಗೆ ಜನ ಇಲ್ಲ ಕಣೆ. ಎರಡನೇ ಕುರ್ಚಿಗೆ ಬಟ್ಟೆ ಮುಚ್ಚಿಟ್ಟಿದ್ದಾನೆ" ಎಂದಾಗ, "ಅಯ್ಯೋ ಪಾಪ" ಎಂದಳು. ಆ ದಿನ ಎರಡು ತುತ್ತು ಹೆಚ್ಚಾಗಿಯೇ ಉಂಡಳು.

ಅಣ್ಣ ದಡ್ಡನಲ್ಲ. ತನ್ನ ಬಾವಿ ಯಾಕೆ ಬತ್ತುತ್ತಿದೆಯೆಂದು ಅವನಿಗೆ ತಿಳಿಯಿತು. ಒಂದು ಶಾಲೆಯ ಪೋಷಕರ ಸಭೆಗೆ ತಾನೇ ಬಂದು ಎದ್ದು ನಿಂತ. "ಒಳಗೆ ಹುಳುಕು ಇಟ್ಟು ಮೇಲೆ ಪ್ಲಾಸ್ಟಿಕ್ ಮುಚ್ಚಿದ್ರೆ ಏನಾಗುತ್ತೆ? ಕಳ್ಳನ್ನ ಮನೆಯೊಳಗೆ ಬಿಟ್ಟು ಬೀಗ ಹಾಕಿದ ಹಾಗೆ" ಎಂದ. ಅಮ್ಮಂದಿರು ಗುಸುಗುಸು ಶುರುಮಾಡಿದರು.

ಅವಳು ಕೂತಲ್ಲಿಂದಲೇ ಉತ್ತರ ಕೊಟ್ಟಳು. "ಗುಂಡಿ ಬಿದ್ದ ಹಲ್ಲಿಗೆ ನಾನು ಹಚ್ಚೋದಿಲ್ಲ, ಅದಕ್ಕೆ ಬೇರೆ ಚಿಕಿತ್ಸೆ ಬೇಕು. ಈಗಷ್ಟೇ ಚುಕ್ಕೆ ಆಗಿದ್ರೆ, ಲೇಪ ಬಿಗಿಯಾಗಿರೋವರೆಗೂ ಒಳಗಿನ ಹುಳುಕಿಗೆ ಊಟ ಸಿಗಲ್ಲ. ಬೀಗ ಹಾಕಿದ ಮನೆಯಲ್ಲಿ ಕಳ್ಳ ಎಷ್ಟು ದಿನ ಉಪವಾಸ ಇರ್ತಾನೆ? ಇನ್ನೊಂದು ಮಾತು. ಇದು ಕಾಯೋದು ಗೀರನ್ನ ಮಾತ್ರ. ಎರಡು ಹಲ್ಲಿನ ನಡುವಿನ ಸಂದಿಯನ್ನಲ್ಲ. ಸಿಹಿ ತಿಂದು ಉಜ್ಜದೆ ಮಲಗಿದ್ರೆ ಅಲ್ಲಿ ಕೆಡುತ್ತೆ. ಆಗ ದೊಡ್ಡ ಡಾಕ್ಟರು ಇದ್ದೇ ಇದ್ದಾರೆ."

ಹಿಂದಿನ ಸಾಲಿನ ಅಜ್ಜನೊಬ್ಬ ಗೊಳ್ಳೆಂದು ನಕ್ಕ. ಆಮೇಲೆ ಸಭೆ ಪೂರ್ತಿ ನಕ್ಕಿತು. ಊಟದ ದಿನ ನೆಂಟರು ನಕ್ಕದ್ದು ಅವಳಿಗೆ ನೆನಪಿತ್ತು. ಇದು ಅದಕ್ಕಿಂತ ಜೋರಾಗಿತ್ತು.

ಆ ವರ್ಷವೇ ಅತ್ತಿಗೆ ಶಾಲೆಯಲ್ಲಿದ್ದ ಅವಳ ಕೋಣೆಗೆ ಬಂದಳು, ಆರು ವರ್ಷದ ಮಗಳ ಕೈ ಹಿಡಿದುಕೊಂಡು. "ಇವರಿಗೆ ಗೊತ್ತಿಲ್ಲ. ಇವಳಿಗೂ ಹಚ್ಚಿಬಿಡು" ಎಂದಳು.

ಸೋದರ ಸೊಸೆ ಕುರ್ಚಿ ಹತ್ತಿ ಬಾಯಿ ತೆರೆದಳು. ಹಲ್ಲಿನ ಸಾಲು ಥೇಟ್ ಅಣ್ಣನದೇ. ಅವಳು ಉಜ್ಜಿದಳು, ತೊಳೆದಳು, ಒಣಗಿಸಿದಳು. ಲೇಪ ಕೈಗೆತ್ತಿಕೊಂಡಾಗ ನಾಲಿಗೆ ಮೆಲ್ಲಗೆ ಹಲ್ಲಿನತ್ತ ಸರಿಯುವುದು ಕಂಡಿತು. ತಡೆಯಬಹುದಿತ್ತು, ತಡೆಯಲಿಲ್ಲ. ಒಂದು ಹನಿ ಸಾಕು. ಮೇಲೆ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕೆಲವು ವರ್ಷದಲ್ಲಿ ದೊಡ್ಡ ಡಾಕ್ಟರ ಮಗಳೇ ಕೆನ್ನೆ ಊದಿಸಿಕೊಂಡು ಅಪ್ಪನ ಕುರ್ಚಿ ಹತ್ತುತ್ತಾಳೆ. ಆ ಚಿತ್ರ ಅವಳ ಕಣ್ಣಿಗೆ ಎಷ್ಟು ಚೆನ್ನಾಗಿ ಕಂಡಿತೆಂದರೆ, ಕೈ ತಾನಾಗಿಯೇ ಮುಂದಕ್ಕೆ ಹೋಯಿತು.

"ಡಾಕ್ಟ್ರೇ, ಜೊಲ್ಲು ತಾಕ್ತು" ಎಂದಳು ಆಯಾ.

ಅವಳು ಕೈ ಹಿಂದಕ್ಕೆ ತೆಗೆದಳು. "ನೋಡಿದೆ" ಎಂದಳು. ಮೊದಲಿಂದ ಮತ್ತೆ ಎಲ್ಲ ಮಾಡಿದಳು. ಆ ಮಗುವಿಗೆ ಹಚ್ಚಿದಷ್ಟು ಜೋಪಾನವಾಗಿ ಅವಳು ಬೇರೆ ಯಾರಿಗೂ ಹಚ್ಚಿರಲಿಕ್ಕಿಲ್ಲ. ಅದು ಕರುಣೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಇವಳ ಹಲ್ಲು ಕೆಟ್ಟರೆ ಅಣ್ಣ ಅದನ್ನೇ ಊರಿಗೆಲ್ಲ ತೋರಿಸುತ್ತಾನೆ, ಅಷ್ಟೆ. ಆದರೂ ಮಗು ಕೆಳಗಿಳಿದು, "ಅತ್ತೆ, ನೋವೇ ಆಗಲಿಲ್ಲ" ಎಂದಾಗ, ಅವಳು ಕೈಗವಸು ಬಿಚ್ಚಲು ತುಂಬ ಹೊತ್ತು ತೆಗೆದುಕೊಂಡಳು.

ಅತ್ತಿಗೆ ಮುಚ್ಚಿಟ್ಟದ್ದು ಬಹಳ ದಿನ ನಿಲ್ಲಲಿಲ್ಲ. ಮಗಳ ಬಾಯಿ ನೋಡಿದ ಕೂಡಲೇ ಅಣ್ಣನಿಗೆ ತಿಳಿದಿರಬೇಕು. ಒಂದು ಬೆಳಿಗ್ಗೆ ಅವನು ಶಾಲೆಯ ಪಡಸಾಲೆಯಲ್ಲಿ ಒಬ್ಬನೇ ಬಂದು ನಿಂತಿದ್ದ.

"ಚೆನ್ನಾಗಿ ಹಚ್ಚಿದ್ದೀಯ" ಎಂದ. ಆಮೇಲೆ, "ಅವತ್ತು ನಾನು ಮಾಡಿದ್ದು ತಪ್ಪು. ಒಪ್ಕೊಂಡೆ. ಇನ್ನಾದರೂ ಸಾಕು ಮಾಡು" ಎಂದ.

"ಏನು ಸಾಕು ಮಾಡಲಿ? ಮಕ್ಕಳ ಹಲ್ಲು ಕಾಯೋದನ್ನಾ?"

"ನೀನು ಯಾಕೆ ಮಾಡ್ತಿದ್ದೀಯ ಅಂತ ನಮ್ಮಿಬ್ಬರಿಗೂ ಗೊತ್ತು."

"ಹಾಗಾದ್ರೆ ಕೇಳು. ನಾನು ಏಟು ತಿಂದಿದ್ದು ತುಂಬಿದ ಆಸ್ಪತ್ರೆಯಲ್ಲಿ. ನೀನು ತಪ್ಪು ಒಪ್ಕೊಳ್ತಿರೋದು ಖಾಲಿ ಪಡಸಾಲೆಯಲ್ಲಿ. ನಿನ್ನ ಆಸ್ಪತ್ರೆಯಲ್ಲಿ ಜನ ಕೂತಿರುವಾಗ ಇದನ್ನೇ ಹೇಳು. ಆಮೇಲೆ ಮಾತಾಡೋಣ."

"ಅದೊಂದು ಆಗಲ್ಲ" ಎಂದ ಅಣ್ಣ, ಕಡ್ಡಿ ಮುರಿದ ಹಾಗೆ. ಹೊರಟುಹೋದ.

ಮತ್ತೆ ಕೆಲವು ವರ್ಷ ಕಳೆದವು. ಒಂದು ದಿನ ತಾಯಿಯೊಬ್ಬಳು ಮಗನಿಗೆ ಕೋಟು ಹಾಕಿಸಲು ಬಂದಳು. ಹುಡುಗನ ಕೆಲಸ ಮುಗಿಯಿತು. ತಾಯಿ ಏಳಲಿಲ್ಲ.

"ನನ್ನ ಗುರುತು ಸಿಗಲಿಲ್ವಾ ಡಾಕ್ಟ್ರೇ?" ಎಂದು, ಬೆರಳಿನಿಂದ ಕೆನ್ನೆ ಎಳೆದು ಕೆಳದವಡೆ ತೋರಿಸಿದಳು. ಅಲ್ಲಿ ಎರಡು ಹಲ್ಲುಗಳ ಜಾಗ ಖಾಲಿಯಿತ್ತು. "ಒಂದು ಕೆಟ್ಟಿದ್ದು, ಒಂದು ಒಳ್ಳೇದು. ನಮ್ಮಪ್ಪ ನಿಮಗೆ ಹೊಡೆದಿದ್ರು."

ಅವಳು ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟಳು. "ನೋಡಿ, ಆ ಹಲ್ಲು ನಾನು..."

"ನೀವು ಕಿತ್ತಿಲ್ಲ. ನನಗೊತ್ತಿಲ್ವಾ? ಬಾಯಿ ನನ್ನದು. ಫೋನಲ್ಲಿ ಕಾರಿನ ಬಣ್ಣ ಮಾತಾಡ್ತಾ ಕಿತ್ತೋರು ಯಾರು ಅಂತ ಕಣ್ಣಾರೆ ನೋಡಿದ್ದೀನಿ. ಬಾಯಲ್ಲಿ ಹತ್ತಿ ಇತ್ತು. ಆಮೇಲೆ ಮನೆಗೆ ಹೋಗಿ ಹೇಳಿದ್ರೆ ಅಪ್ಪ, ದೊಡ್ಡೋರ ವಿಷಯದಲ್ಲಿ ಬಾಯಿ ಹಾಕಬೇಡ ಅಂದ್ರು. ನೀವು ಆಮೇಲೆ ಎಲ್ಲಿ ಹೋದ್ರಿ ಅಂತ ಗೊತ್ತಾಗಲಿಲ್ಲ."

ಇಷ್ಟು ವರ್ಷ ಅವಳು ಎಲ್ಲರ ಮೇಲೂ ಹಲ್ಲು ಮಸೆದಿದ್ದಳು. ಸತ್ಯ ಗೊತ್ತಿದ್ದ ಒಬ್ಬ ಸಾಕ್ಷಿ ಇದ್ದಾಳೆಂದು ಮಾತ್ರ ಒಮ್ಮೆಯೂ ಹೊಳೆದಿರಲಿಲ್ಲ. ಆ ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

"ಈಗ ಹೇಳ್ತೀರಾ?" ಎಂದಳು.

"ಎಲ್ಲಿ ಬೇಕಾದ್ರೂ."

"ನಾಳೆ ಸಂಜೆ, ದೊಡ್ಡ ಡಾಕ್ಟರ ಹತ್ರ. ಆ ಹೊತ್ತಿಗೆ ಇನ್ನೂ ನಾಲ್ಕು ಜನ ಕೂತಿರ್ತಾರೆ."

ಅವಳು ತಾನೇ ಹೋಗಬೇಕೆಂದುಕೊಂಡಿದ್ದಳು. ಆ ಸಂಜೆ ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣದವರೆಗೆ ಹೋಗಿ ನಿಂತಳು. ಮಗಳೂ ಲಾರಿ ಡ್ರೈವರನೂ ಒಳಗೆ ಹೋಗುವುದು ಕಂಡಿತು. ಅವನ ತಲೆ ಪೂರ್ತಿ ನರೆತಿತ್ತು. ಗಾಜಿನ ಬಾಗಿಲಿನ ಆಚೆ ಮಗಳು ನಿಂತು ಮಾತಾಡುತ್ತಿದ್ದಳು, ಮಾತು ಕೇಳುತ್ತಿರಲಿಲ್ಲ. ಕೂತವರ ತಲೆಗಳು ಒಂದೊಂದಾಗಿ ಮೇಲೆದ್ದವು. ಅಣ್ಣ ಒಳಗಿನಿಂದ ಬಂದ, ಏನೋ ಹೇಳಲು ಕೈ ಎತ್ತಿದ, ಕೈ ಹಾಗೇ ಇಳಿಯಿತು. ಒಬ್ಬ ಹೆಂಗಸು ಎದ್ದು ಮಗುವನ್ನು ಎತ್ತಿಕೊಂಡು ಹೊರಗೆ ನಡೆದಳು. ಆಮೇಲೆ ಇನ್ನೊಬ್ಬರು.

ಅವಳು ಕಾದದ್ದು ಇದಕ್ಕೇ. ಖುಷಿಯಾಯಿತು, ಸುಳ್ಳೇಕೆ. ಮೈಯೆಲ್ಲ ಹಗುರವಾಯಿತು. ಆದರೆ ಕೆಲಸ ಬೇರೆಯವರ ಬಾಯಿಂದ ಆಗಿಹೋಯಿತಲ್ಲ ಎಂಬ ಹೊಟ್ಟೆಕಿಚ್ಚೂ ಆಯಿತು.

ಎರಡು ದಿನ ಬಿಟ್ಟು ಲಾರಿ ಡ್ರೈವರ ಅವಳ ಮನೆಯ ಬಾಗಿಲಿಗೆ ಬಂದ. "ತಾಯಿ, ಕೈ ಮಾಡಿಬಿಟ್ಟೆ. ತಪ್ಪಾಯ್ತು" ಎಂದು ಕೈ ಮುಗಿದ.

"ಹೊಡೆದಿದ್ದು ನಾಲ್ಕು ಜನರ ಮುಂದೆ. ಕ್ಷಮೆ ಕೇಳೋದು ಬಾಗಿಲ ಸಂದಿಯಲ್ಲಾ?" ಎಂದಳು. ಅವನು ಅದನ್ನು ನಿಜವೆಂದೇ ತಿಳಿದ. ಮುಂದಿನ ವಾರ ಮೊಮ್ಮಗನ ಶಾಲೆಯಲ್ಲಿ, ಮಕ್ಕಳನ್ನು ಕರೆದೊಯ್ಯಲು ಬಂದವರೆಲ್ಲ ಗೇಟಿನಲ್ಲಿ ನಿಂತಿದ್ದಾಗ, ಅವಳನ್ನು ನಿಲ್ಲಿಸಿ ಗಟ್ಟಿ ದನಿಯಲ್ಲಿ ನಡೆದದ್ದೆಲ್ಲ ಹೇಳಿ ಕ್ಷಮೆ ಕೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು, ನಡುವೆ ತಡೆಯಲಿಲ್ಲ.

ಅಣ್ಣನ ಆಸ್ಪತ್ರೆಯಲ್ಲಿ ನೊಣ ಹೊಡೆಯುವ ಕೆಲಸವೇ ಹೆಚ್ಚಾಯಿತು. ಅದೇ ಹೊತ್ತಿಗೆ ಆಯಾಳ ಮಂಡಿ ಕೈಕೊಟ್ಟಿತು, ನಿಂತು ಪೈಪು ಹಿಡಿಯಲು ಆಗದಾಯಿತು. ಅತ್ತಿಗೆ ಬಂದು ಕೂತಳು.

"ಬೆಳಗಿನ ಹೊತ್ತು ಇವರು ಮನೆಯಲ್ಲೇ ಇರ್ತಾರೆ. ಗೋಡೆ ನೋಡ್ತಾ ಕೂರ್ತಾರೆ. ನಿನಗೂ ಜೊತೆಗೆ ಒಂದು ಕೈ ಬೇಕು."

"ಅತ್ತಿಗೆ, ನನಗೆ ಬೇಕಿರೋದು ಡಾಕ್ಟರಲ್ಲ. ಪೈಪು ಹಿಡಿಯೋರು."

"ಹಿಡೀತಾರೆ."

"ನಾನು ಹೇಳಿದ ಕಡೆ ಹಿಡೀಬೇಕು."

"ಅದನ್ನೂ ಹೇಳಿಯೇ ಕರ್ಕೊಂಡು ಬಂದಿದ್ದೀನಿ. ಹೊರಗೆ ನಿಂತಿದ್ದಾರೆ."

ಅಣ್ಣ ಒಳಗೆ ಬಂದ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಅವಳು ಕೈಗವಸಿನ ಡಬ್ಬಿಯನ್ನು ಅವನತ್ತ ತಳ್ಳಿದಳು. ಮೊದಲ ಮಗು ಕುರ್ಚಿ ಹತ್ತಿತು.

"ನಾಲಿಗೆ ಪಕ್ಕ" ಎಂದಳು. ಪೈಪು ಅಲ್ಲಿಗೆ ಹೋಯಿತು. "ಇನ್ನೂ ಒಳಗೆ. ಅಲ್ಲೇ ಇರಲಿ." ಇತ್ತು. ಹಲ್ಲು ಒಣಗಿದ್ದು ನೋಡಿ ಅವಳಿಗೆ ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ. ಆಯಾಳಿಗಿಂತ ಅವನ ಕೈ ನಯವಾಗಿತ್ತು. ಹೊಗಳಲಿಲ್ಲ. ಅವನ ಮೊಣಕೈ ಸ್ವಲ್ಪ ಸರಿದಾಗ, "ಅಲುಗಾಡಬೇಡ" ಎಂದು ಮಗುವಿನ ಎದುರಿಗೇ ಗದರಿದಳು. ಅವನ ಕಿವಿ ಕೆಂಪಾದದ್ದು ಅವಳಿಗೆ ಹಿತವಾಗಿತ್ತು.

ನೀಲಿ ಬೆಳಕು ಆರಿದ ಮೇಲೆ ಆ ಮಗು ಎದ್ದು ಕೂತು, ನಾಲಿಗೆಯಿಂದ ಹೊಸ ಕೋಟನ್ನು ಸವರಿ ನೋಡಿ, ಅಣ್ಣನ ಕಡೆ ಬೆರಳು ತೋರಿಸಿತು. "ಇವರೂ ಡಾಕ್ಟರಾ?"

ಅಣ್ಣ ಪೈಪು ತೊಳೆಯುತ್ತಿದ್ದವನು ನಿಂತ.

"ಅಲ್ಲ ಪುಟ್ಟಿ. ಜೊಲ್ಲು ಎಳೆಯೋರು" ಎಂದಳು ಅವಳು. "ಹೋಗಿ ಮುಂದಿನವರನ್ನ ಕಳಿಸು."